ಪರಿಸರಕ್ಕೆ ಜಾಮೀನು ಕೇಳಿದವರು

ಎಂಬತ್ತರ ದಶಕದ ಕೊನೆಗೆ ವಿಶಾಖಪಟ್ಟಣದ ನಮ್ಮ ಕನ್ನಡ ಸಂಘಕ್ಕೆ ಇದ್ದಕ್ಕಿದ್ದಂತೆ ಪರಿಸರದ ಮೇಲೆ ಪ್ರೀತಿ ಉಕ್ಕಿತು. ಅದುವರೆಗೆ ರಾಜ್ಯೋತ್ಸವಕ್ಕೆ ಬಿಸಿಬೇಳೆಬಾತ್ ಮಾಡಿ ಉಂಡು, ಯಾರಿಗೆ ಬೆಂಗಳೂರಿಗೆ ವರ್ಗವಾಯಿತೆಂದು ಹೊಟ್ಟೆಕಿಚ್ಚು ಪಡುವುದೇ ಸಂಘದ ಕೆಲಸವಾಗಿತ್ತು. ಈ ಸಲ ಉಳಿದ ವಂತಿಗೆಯನ್ನು ಒಂದು ಪರಿಸರ ಸಂಸ್ಥೆಗೆ ಕೊಡೋಣವೆಂದು ಅಧ್ಯಕ್ಷರು ಹೇಳಿದರು. ಅವರು ಮೈಸೂರಿನ ಕಡೆಯವರು, ನನ್ನ ಗಂಡನ ಬ್ಯಾಂಕಿನಲ್ಲೇ ಸೀನಿಯರ್ ಮ್ಯಾನೇಜರು. ಆಯ್ಕೆ ಸಮಿತಿಯಲ್ಲಿ ನನ್ನ ಗಂಡನೂ ಸೇರಿ ಎಲ್ಲರೂ ಬ್ಯಾಂಕಿನವರೇ.

ನನಗೆ ಇದರಲ್ಲಿ ಆಸೆ ಹುಟ್ಟಿದ್ದು ಮಗಳ ದೆಸೆಯಿಂದ. ನಮ್ಮ ಮನೆಯ ಎದುರಿನ ರಸ್ತೆ ದಾಟಿದರೆ ಒಂದು ಕಂಪನಿಯ ಬಯಲು, ಅಲ್ಲಿ ಹಡಗು ಕಾಯುತ್ತ ಬಿದ್ದಿದ್ದ ಕಬ್ಬಿಣದ ಅದಿರಿನ ಗುಡ್ಡೆಗಳು. ಗಾಳಿ ಎದ್ದರೆ ಸಾಕು, ಒಣಹಾಕಿದ ಬಟ್ಟೆ, ಹಪ್ಪಳ, ದೇವರ ಪಟ ಎಲ್ಲ ಕೆಂಪು. ಎಂಟು ವರ್ಷದ ಮಗಳು ಶಾಲೆಯಿಂದ ಬಂದು ಮೆಟ್ಟಿಲು ಹತ್ತಿದವಳೇ ಗೋಡೆ ಹಿಡಿದು ನಿಂತು, ‘ಊಪಿರಾಡಟ್ಲೇದಮ್ಮಾ’ ಎನ್ನುತ್ತಿದ್ದಳು. ಉಸಿರಾಡಲು ಆಗುತ್ತಿಲ್ಲ ಎಂಬುದನ್ನು ಅವಳು ಕನ್ನಡದಲ್ಲಿ ಹೇಳಿದ್ದೇ ನನಗೆ ನೆನಪಿಲ್ಲ. ಮನೆ ಬದಲಿಸಿ ಎಂದು ಡಾಕ್ಟರು ಹೇಳಿದ್ದರು. ಆದರೆ ಅದು ಬ್ಯಾಂಕು ಕೊಟ್ಟ ಮನೆ, ವರ್ಗವಾಗುವವರೆಗೆ ಬಿಡುವಂತಿರಲಿಲ್ಲ.

ಸಂಸ್ಥೆಗಳ ಸಂದರ್ಶನ ನಮ್ಮ ಮನೆಯ ಹಾಲಿನಲ್ಲೇ ನಡೆಯಿತು, ಕಾಫಿ ಸರಬರಾಜು ನನ್ನದು. ಸಾಲ ಕೊಟ್ಟೇ ಕೂದಲು ಹಣ್ಣು ಮಾಡಿಕೊಂಡವರಿಗೆ ದಾನ ಕೊಡುವ ಕ್ರಮ ಹೇಗೆ ಗೊತ್ತಿರಬೇಕು? ಬಂದವರನ್ನೆಲ್ಲ ಸಾಲದ ಅರ್ಜಿದಾರರಂತೆ ಕೂರಿಸಿ, ಮೂರು ವರ್ಷದ ಬ್ಯಾಲೆನ್ಸ್ ಶೀಟ್ ಎಲ್ಲಿ, ಜಾಮೀನು ಯಾರು ಎಂದು ಕೇಳಿದರು. ಕಡಲಾಮೆಯ ಮೊಟ್ಟೆ ಕಾಯುವ ಸಂಸ್ಥೆಯವನಿಗೆ ನನ್ನ ಗಂಡ, ‘ಸಮುದ್ರಕ್ಕ ಬಿಟ್ಟ ಆಮಿ ವಾಪಸ್ ಬರತಾವಂತ ಏನ್ ಗ್ಯಾರಂಟಿ ಅಂಡಿ?’ ಎಂದರು. ಧಾರವಾಡದ ಮಾತಿಗೆ ತೆಲುಗಿನ ಮರ್ಯಾದೆ ಅಂಟಿಸುವುದು ಆಗಲೇ ಅವರಿಗೆ ರೂಢಿಯಾಗಿತ್ತು.

ಕಾಡು ಉಳಿಸುವ ಸಂಘದವರು ವಿಜಯವಾಡದಿಂದ ಬಂದಿದ್ದರು. ಸಮಿತಿಯವರಿಗೆಲ್ಲ ಒಂದೊಂದು ಕೊಂಡಪಲ್ಲಿ ಗೊಂಬೆ ಕೊಟ್ಟು, ಆ ಗೊಂಬೆಗೆ ಬೇಕಾದ ಮರ ಗುಡ್ಡದಲ್ಲಿ ಹೇಗೆ ಮುಗಿಯುತ್ತಿದೆ ಎಂದು ಮನ ಕರಗುವಂತೆ ವಿವರಿಸಿದರು. ಸಮಿತಿಯವರು ಗೊಂಬೆಯನ್ನು ತೊಡೆಯ ಮೇಲಿಟ್ಟುಕೊಂಡು ತಲೆದೂಗಿದರು.

ಕೊನೆಗೆ ಬಂದವರು ನಮ್ಮ ಬೀದಿಯ ಇಬ್ಬರು ನಿವೃತ್ತ ಮೇಷ್ಟ್ರುಗಳು. ಗುಡ್ಡೆಗೂ ರಸ್ತೆಗೂ ದಿನಾ ನೀರು ಹೊಡೆಯಿರಿ ಎಂದು ಕಂಪನಿಯನ್ನು ಕೇಳುತ್ತ ಅಲೆಯುವುದೇ ಅವರ ಸಂಸ್ಥೆ. ಒಂದು ಹಗಲು ತಾರಸಿಯ ಮೇಲೆ ಹರಡಿದ್ದ ಬಿಳಿ ಪಂಚೆಯನ್ನು ಚೀಲದಿಂದ ತೆಗೆದು ತೋರಿಸಿದರು. ಅದು ಸನ್ಯಾಸಿಯ ಕಾವಿ ಪಂಚೆಯಾಗಿತ್ತು.

‘ಪಂಚೆ ಎಲ್ಲಾ ದಾಖಲೆ ಆಗಲ್ಲ ಸ್ವಾಮಿ’ ಎಂದು ಅಧ್ಯಕ್ಷರು ಅವರನ್ನು ಕಳಿಸಿದರು. ಅವರು ಮೆಟ್ಟಿಲಿಳಿದ ಮೇಲೆ ದನಿ ತಗ್ಗಿಸಿ, ‘ಆ ಕಂಪನಿ ನಮ್ ಬ್ರಾಂಚಿಗೆ ದೊಡ್ಡ ಅಕೌಂಟು ಕಣ್ರೀ. ಅವರ ಮೇಲೆ ದೂರು ಹೇಳೋರಿಗೆ ನಾವೇ ದುಡ್ಡು ಕೊಟ್ರೆ ಚೆನ್ನಾಗಿರುತ್ತಾ?’ ಎಂದರು. ನನ್ನ ಗಂಡ ಕಾಫಿ ಲೋಟದೊಳಗೆ ಏನೋ ಬಿದ್ದಿದೆಯೆಂಬಂತೆ ನೋಡುತ್ತ ಕೂತರು.

ನನಗೆ ತಡೆಯಲಾಗಲಿಲ್ಲ. ಅಡುಗೆಮನೆಯ ಬಾಗಿಲಲ್ಲೇ ನಿಂತು, ‘ರೀ, ನಿಮ್ಮ ಮಗಳ ಉಸಿರು ಯಾವ ಅಕೌಂಟಿನಾಗ ಬರತೈತಿ?’ ಎಂದೆ. ಅಧ್ಯಕ್ಷರು ಇನ್ನೊಂದು ಸುತ್ತು ಕಾಫಿ ಕೇಳಿದರು.

ಆಯ್ಕೆಯಾದದ್ದು ಸಿಂಹಾಚಲಂ ತಪ್ಪಲಲ್ಲಿ ಸಸಿ ನೆಡುವ ಸಂಸ್ಥೆ. ಅದರ ಬ್ಯಾಲೆನ್ಸ್ ಶೀಟಿಗೆ ಬಣ್ಣದ ರಟ್ಟಿತ್ತು, ಅದರ ಗೌರವಾಧ್ಯಕ್ಷರು ಅದೇ ಅದಿರು ಕಂಪನಿಯ ದೊಡ್ಡ ಮ್ಯಾನೇಜರು. ನೆಟ್ಟ ಸಸಿಗಳು ಬದುಕಿವೆಯೇ ಎಂದು ಯಾರೂ ಕೇಳಲಿಲ್ಲ.

ಚೆಕ್ ಕೊಟ್ಟು ಒಂದು ಸಸಿ ನೆಡುವ ಸಮಾರಂಭ ನಮ್ಮ ಕಟ್ಟಡದ ಅಂಗಳದಲ್ಲೇ ಏರ್ಪಾಡಾಯಿತು. ಮುಖ್ಯ ಅತಿಥಿ ಆ ಮ್ಯಾನೇಜರೇ. ಬೆಳಿಗ್ಗೆ ಕಂಪನಿಯ ಟ್ಯಾಂಕರುಗಳು ಬಂದು ಗುಡ್ಡೆ, ರಸ್ತೆ, ಅಂಗಳ ಎಲ್ಲವನ್ನೂ ನೀರಿನಲ್ಲಿ ತೋಯಿಸಿ ಹೋದವು. ಗಾಳಿಯ ಮಹತ್ವದ ಬಗ್ಗೆ ಕನ್ನಡದಲ್ಲಿ ನನ್ನ ಮಗಳ ಭಾಷಣ. ನಾನು ಔಷಧಿಯ ಸೀಸೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಅವಳು ಒಂದು ಸಲವೂ ಏದುಸಿರು ಬಿಡದೆ ಪೂರ್ತಿ ಹೇಳಿ ಮುಗಿಸಿದಳು. ನನ್ನ ಕಣ್ಣು ತುಂಬಿತು. ‘ನೋಡಿ, ಒಂದು ಸಸಿ ನೆಟ್ಟಿದ್ದಕ್ಕೇ ಗಾಳಿ ಎಷ್ಟು ತಿಳಿಯಾಯ್ತು’ ಎಂದು ಅಧ್ಯಕ್ಷರು ಮೈಕಿನಲ್ಲಿ ಹೇಳಿದರು, ಚಪ್ಪಾಳೆ ಬಿತ್ತು.

ಮರುದಿನ ಟ್ಯಾಂಕರ್ ಬರಲಿಲ್ಲ. ಸಂಜೆ ಮಗಳು ಮತ್ತೆ ಗೋಡೆ ಹಿಡಿದು ನಿಂತಳು. ಅವಳಿಗೆ ಔಷಧಿ ಕುಡಿಸಿ ಮಲಗಿಸಿ, ಚಪ್ಪಲಿ ಮೆಟ್ಟಿಕೊಂಡು ನೇರ ಅಧ್ಯಕ್ಷರ ಮನೆಗೆ ಹೋದೆ.

‘ಟ್ಯಾಂಕರ್ ಯಾಕ ಬರಲಿಲ್ರಿ?’

‘ಅದು ಅತಿಥಿಗಳ ಬಟ್ಟೆ ಕೊಳೆ ಆಗ್ಬಾರ್ದು ಅಂತ ಕಳಿಸಿದ್ದು ಕಣಮ್ಮಾ’ ಎಂದರು, ಬಹಳ ಸಮಾಧಾನದಿಂದ.

‘ಹಂಗಾರ ನಾಳೆಯಿಂದ ದಿನಾ ನನ್ನ ಮಗಳನ್ನ ಮುಖ್ಯ ಅತಿಥಿ ಅಂತ ಬರಕೊಳ್ರಿ’ ಎಂದೆ.

ಅವರು ತಮಾಷೆ ಎಂದುಕೊಂಡು ಹೊಟ್ಟೆ ಹಿಡಿದು ನಕ್ಕರು. ಅವರ ಹೆಂಡತಿ ನನಗೆ ಅರಿಶಿನ ಕುಂಕುಮ ಕೊಟ್ಟು ಕಳಿಸಿದರು.