ಹೋದವರಿಗೆಲ್ಲ ಕೊಡುವ ಪದಕ

ಮಕ್ಕಳೇ, ನಾಲ್ಕು ಜನರೆದುರು ಬಾಯಿ ತೆರೆಯುವವಳಲ್ಲ ನಾನು. ನಮ್ಮೂರ ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ಸ್ಲೇಟಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದೆ. ಕ್ಯಾಲಿಫೋರ್ನಿಯಾದ ಈ ಡಬ್ಲಿನ್ನಿಗೆ ಬಂದ ಮೇಲೂ ಅಷ್ಟೇ. ಗ್ರೋಸರಿಯಲ್ಲಿ ಯಾರಾದರೂ ಮಾತಾಡಿಸಿದರೆ ನಿಮ್ಮಮ್ಮನ ಬೆನ್ನ ಹಿಂದೆ ಸರಿಯುತ್ತೇನೆ. ಅಂಥ ಅಜ್ಜಿ ಹೇವರ್ಡ್‌ನ ಸಭೆಯಲ್ಲಿ ಜಗಳಕ್ಕೆ ನಿಂತಳಂತೆ ಎಂದು ನಿಮಗೆ ಯಾರೋ ಹೇಳಿದ್ದಾರೆ. ನಿಂತದ್ದು ನಿಜ. ಯಾಕೆಂದು ನಾನೇ ಬರೆಯುತ್ತೇನೆ.

ನಿಮ್ಮ ಅಣ್ಣ ಅಮೆರಿಕದ ಸೈನ್ಯಕ್ಕೆ ಸೇರಿದಾಗ ಹೊರಗೆ ಹೇಳಿಕೊಳ್ಳಲು ಮನೆಯಲ್ಲಿ ಯಾರಿಗೂ ಧೈರ್ಯವಿರಲಿಲ್ಲ. ಕೇಳಿದವರಿಗೆ ನಿಮ್ಮಪ್ಪ, "ಗವರ್ನಮೆಂಟ್ ಕೆಲಸ, ಟ್ರಾವೆಲ್ ಜಾಸ್ತಿ" ಎನ್ನುತ್ತಿದ್ದರು. ಅವನ ಜೊತೆ ಓದಿದವರು ಮೌಂಟನ್ ವ್ಯೂನಲ್ಲಿ ಕಂಪನಿ ಬಸ್ಸು ಹತ್ತುತ್ತಿದ್ದಾಗ ಅವನು ಮರುಭೂಮಿಯ ಒಂದು ಕ್ಯಾಂಪಿನಲ್ಲಿದ್ದ. ಅಲ್ಲಿ ಡ್ರೋನ್ ಬಂದು ಬಿದ್ದ ದಿನ ಉರಿಯುತ್ತಿದ್ದ ಶೆಡ್ಡಿನೊಳಗೆ ನುಗ್ಗಿ ಇಬ್ಬರನ್ನು ಹೊತ್ತು ತಂದ. ಅವನ ಮೇಲಿನವನು ಪದಕಕ್ಕೆ ಶಿಫಾರಸು ಮಾಡಿದ. ಅದಕ್ಕೂ ಮೇಲಿನವರು, ಶತ್ರುವನ್ನು ಎದುರಿಗೆ ಕಂಡು ಹೋರಾಡಿದ್ದಲ್ಲವಲ್ಲ ಎಂದು ಅದನ್ನು ಸರ್ಟಿಫಿಕೇಟಿಗೆ ಇಳಿಸಿದರು. ಕೊನೆಗೆ ಪದಕವೆಂದು ಸಿಕ್ಕಿದ್ದು, ಆ ದೇಶಕ್ಕೆ ಹೋದವರಿಗೆಲ್ಲ ಕೊಡುವ ಒಂದೇ ಒಂದು. ಅದು ಅವನ ಸಾಕ್ಸ್ ಡ್ರಾಯರಿನಲ್ಲಿದೆ.

ನಮ್ಮ ಕನ್ನಡದವರು ಪ್ರತಿ ರಾಜ್ಯೋತ್ಸವಕ್ಕೆ ಸಾಧಕರನ್ನು ಸನ್ಮಾನಿಸುತ್ತಾರೆ. ಶಾಲು, ಮೈಸೂರು ಪೇಟ, ಹಣ್ಣಿನ ತಟ್ಟೆ, ಆರತಿ. ಪ್ರಮೋಷನ್ ಆದವರಿಗೆ ಸಿಗುತ್ತದೆ, ಮ್ಯಾರಥಾನ್ ಓಡಿದವರಿಗೆ ಸಿಗುತ್ತದೆ, ಊಟಕ್ಕೆ ಹೋಳಿಗೆ ಕೊಡಿಸಿದವರಿಗೂ ಸಿಗುತ್ತದೆ. ಈ ಸಲ ನಿಮ್ಮಮ್ಮ ಧೈರ್ಯ ಮಾಡಿ, ಕಾರ್ಯಕ್ರಮ ನಡೆಸುವವನಿಗೆ ಫೋನಿನಲ್ಲಿ ಮಗನ ಹೆಸರು ಹೇಳಿದಳು. ಸ್ಪೀಕರ್ ಹಾಕಿತ್ತು. ನಾನು ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಿದ್ದೆ.

"ಮೆಡಲ್ ಏನಾದ್ರೂ ಬಂದಿದ್ಯಾ ಮೇಡಂ?"

"ಒಂದು ಬಂದಿದೆ."

ಯಾವುದೆಂದು ಕೇಳಿ ತಿಳಿದುಕೊಂಡ ಮೇಲೆ ಅವನು ನಕ್ಕ. "ಅಯ್ಯೋ, ಅದು ಹೋದವರಿಗೆಲ್ಲಾ ಕೊಡ್ತಾರೆ. ಈಗಿನ ವಾರ್ ಎಲ್ಲಾ ಸ್ಕ್ರೀನ್ ಮೇಲೇ ಅಲ್ವಾ? ಕಮಿಟಿಗೆ ಏನಂತ ಹೇಳ್ಲಿ?"

ನಿಮ್ಮಮ್ಮ ಫೋನಿಟ್ಟು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿದಳು. ನೀರಿನ ಸದ್ದು ಬಹಳ ಹೊತ್ತು ನಿಲ್ಲಲಿಲ್ಲ.

ಆದರೂ ಹೇವರ್ಡ್‌ಗೆ ಹೋದೆವು. ನಿಮ್ಮ ಅಣ್ಣನೇ ಕಾರು ಓಡಿಸಿದ. ಕಾರ್ಯಕ್ರಮದ ಹಾಲ್‌ನಲ್ಲಿ ಬೆಂಕಿ ಹಚ್ಚುವಂತಿಲ್ಲ, ದೀಪ ಹೊತ್ತಿಸಿದರೆ ಅಲಾರಂ ಕೂಗುತ್ತದೆ. ಅದಕ್ಕೇ ಅರಿಶಿನ ಸುಣ್ಣ ಕಲಸಿದ ಕೆಂಪು ನೀರಿನ ಆರತಿ. ಕಾರ್ಪೆಟ್ಟಿನ ಮೇಲೆ ಚೆಲ್ಲಬೇಡಿ ಎಂದು ಮುತ್ತೈದೆಯರಿಗೆ ಮೈಕಿನಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದರು. ನಿಮ್ಮ ಅಣ್ಣ ಹಿಂದೆ ಕುರ್ಚಿ ಜೋಡಿಸುತ್ತಿದ್ದ.

ಹೋಳಿಗೆಯವರಿಗೆ ಪೇಟ ಇಡುವಾಗ ಗೋಡೆಗೆ ಕಟ್ಟಿದ್ದ ಹಳದಿ ಕೆಂಪು ಬಲೂನುಗಳಲ್ಲಿ ಒಂದು ಢಂ ಎಂದು ಒಡೆಯಿತು. ತಿರುಗಿ ನೋಡಿದರೆ ನಿಮ್ಮ ಅಣ್ಣ ಕುರ್ಚಿಗಳ ನಡುವೆ ನೆಲಕ್ಕೆ ಬಿದ್ದು ತಲೆ ಮುಚ್ಚಿಕೊಂಡಿದ್ದ.

"ಏನ್ ಗುರೂ, ಮಿಲಿಟರಿಯವರು ಬಲೂನಿಗೇ ಹೆದರ್ಕೊಂಡ್ರಾ?" ಎಂದ ಮೈಕ್ ಹಿಡಿದವನು. ಫೋನಿನಲ್ಲಿ ಕೇಳಿದ್ದ ಅದೇ ದನಿ. ಜನ ನಕ್ಕರು.

ನಾನು ಎದ್ದು ಹೋಗಿ ವೇದಿಕೆಯ ಅಂಚಿನಲ್ಲಿದ್ದ ಆರತಿ ತಟ್ಟೆ ತೆಗೆದುಕೊಂಡೆ. ನಿಮ್ಮ ತಾತ ಹೋದ ಮೇಲೆ ನಾನು ಆರತಿ ತಟ್ಟೆ ಮುಟ್ಟಿರಲಿಲ್ಲ. ವಿಧವೆ ಆರತಿ ಎತ್ತಬಾರದಂತೆ. ಬೇರೆಯವರು ಹೇಳುವ ಮುಂಚೆಯೇ ನಾನಾಗಿಯೇ ಹಿಂದೆ ಸರಿದು ನಿಲ್ಲುತ್ತಿದ್ದೆ.

ನಿಮ್ಮಮ್ಮ ಓಡಿ ಬಂದಳು. "ಅಮ್ಮಾ, ನೀನ್ ಎತ್ಬಾರ್ದು. ಕೊಡಿಲ್ಲಿ, ನಾನ್ ಎತ್ತೀನಿ."

"ದಾರಿ ಬಿಡವ್ವ" ಎಂದೆ.

ನಿಮ್ಮ ಅಣ್ಣ ಅಷ್ಟರಲ್ಲಿ ಎದ್ದು ನಿಂತು ಪ್ಯಾಂಟು ಕೊಡವಿಕೊಳ್ಳುತ್ತಿದ್ದ. "ಅಜ್ಜಿ, ನೋ. ದಟ್ ಮೆಡಲ್, ಎವ್ರಿಬಡಿ ಗೆಟ್ಸ್ ಇಟ್."

ನಾನು ಮೈಕಿನವನ ಕಡೆ ತಿರುಗಿದೆ. "ಹೋದೋರ್ಗೆಲ್ಲಾ ಕೊಡ್ತಾರೆ ಅಂದ್ಯಲ್ಲಪ್ಪ. ಸರಿ, ಕೊಡ್ಲಿ. ಇಲ್ಲಿಂದ ಹೋದೋರು ಯಾರ್ಯಾರು? ಕೈ ಎತ್ಲಿ ನೋಡಾನ."

ಯಾರೂ ಎತ್ತಲಿಲ್ಲ. ನಿಮ್ಮ ಅಣ್ಣನೂ ಎತ್ತಲಿಲ್ಲ.

ಅವನಿಗೆ ಆರತಿ ಎತ್ತಿದೆ. ಕೆಂಪು ನೀರು ಕಾರ್ಪೆಟ್ಟಿನ ಮೇಲೆ ತುಳುಕಿತು. ತುಳುಕಲಿ ಎಂದುಕೊಂಡೆ. ಅದೇ ನೀರಿನಲ್ಲಿ ಬೆರಳದ್ದಿ ಹಣೆಗಿಟ್ಟಾಗ ಅವನು ಮಂಡಿ ಬಗ್ಗಿಸಿ ನನ್ನೆತ್ತರಕ್ಕೆ ತಲೆ ತಂದ. ಅವನ ಹಣೆ ತಣ್ಣಗೆ ಬೆವೆತಿತ್ತು.

ಊಟದ ಸಾಲಿನಲ್ಲಿ ಮೈಕಿನವನು ನಮ್ಮ ಹತ್ತಿರ ಬಂದ. ಮುಖ ಸಣ್ಣದಾಗಿತ್ತು. "ಅಜ್ಜಿ, ಬೇಜಾರ್ ಮಾಡ್ಕೋಬೇಡಿ. ಒಬ್ರು ಬಂದಿಲ್ಲ, ಅವರ ಶಾಲು ಉಳಿದಿದೆ. ಒಂದೆರಡು ನಿಮಿಷ ಸ್ಟೇಜಿಗೆ ಕರ್ಕೊಂಡ್ ಬನ್ನಿ."

ನಿಮ್ಮಮ್ಮನಿಗೆ ಆಸೆಯಿತ್ತು, ಕಣ್ಣಲ್ಲೇ ಕಾಣುತ್ತಿತ್ತು. ನಿಮ್ಮ ಅಣ್ಣ ತಟ್ಟೆ ಹಿಡಿದು ನನ್ನ ಮುಖ ನೋಡಿದ.

"ಉಳಿದಿದ್ದು ಬೇಡಪ್ಪ" ಎಂದೆ. "ಬರೋ ವರ್ಷ ಹೆಸರು ಹಾಕಿ, ಬೆಂಕಿಯೊಳಕ್ಕೆ ಯಾಕೆ ಹೋಗಿದ್ದ ಅಂತ ಮೈಕಲ್ಲಿ ಹೇಳಿ ಕರಿ. ಬತ್ತೀವಿ."

ಇನ್ನೂ ಕರೆದಿಲ್ಲ. ಕರೆಯುವವರೆಗೆ ನಾನೂ ಸುಮ್ಮನಿರುವುದಿಲ್ಲ.