ಮೂವತ್ತೊಂದು ಹೆಸರು, ಒಬ್ಬ ರಾಣಿ

ನಮ್ಮ ಶಹಾಪುರದ ಕಲಾಭವನದಲ್ಲಿ ವರ್ಷಕ್ಕೆ ಮೂರು ಸಲ ತರಗತಿಗಳು ನಡೆಯುತ್ತವೆ. ಶ್ರಾವಣದಲ್ಲಿ ವಚನ ಗಾಯನ, ಚಳಿಗಾಲದಲ್ಲಿ ಚಿತ್ರಕಲೆ, ಬೇಸಿಗೆಯಲ್ಲಿ ದೊಡ್ಡಾಟ. ಬೇಸಿಗೆ ಎಂದರೆ ನಮ್ಮಲ್ಲಿ ಊರ ಗುಡ್ಡದ ಬಂಡೆಗಳೇ ಉಸ್ ಅನ್ನುವ ಕಾಲ. ಅಂಥ ಹೊತ್ತಿನಲ್ಲಿ ತಲೆಗೆ ಕಿರೀಟ, ತೋಳಿಗೆ ಭುಜಕೀರ್ತಿ ಕಟ್ಟಿಕೊಂಡು ಕುಣಿಯುವ ಆಟವನ್ನೇ ಕಲಿಸಬೇಕೆಂದು ಯಾರು ತೀರ್ಮಾನಿಸಿದರೋ ಗೊತ್ತಿಲ್ಲ. ನಾನಂತೂ ಅಲ್ಲ. ನಾನು ಯಾವುದನ್ನೂ ತೀರ್ಮಾನಿಸುವವಳಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳುತ್ತೇನೆ, ಐವತ್ತು ದಾಟಿದೆ, ಬೇಸಿಗೆ ರಜೆಯಲ್ಲಿ ಮನೆಯಲ್ಲೇ ಇರುತ್ತೇನೆಂದು ಊರಿಗೆಲ್ಲ ಗೊತ್ತು, ಮೇಲಾಗಿ ಒಲ್ಲೆ ಅನ್ನಲು ಬರುವುದಿಲ್ಲ. ಇಷ್ಟು ಅರ್ಹತೆ ನೋಡಿ ನನ್ನನ್ನು ಬೇಸಿಗೆ ಶಿಬಿರದ ಸಂಚಾಲಕಿ ಮಾಡಿದರು.

ಸಂಚಾಲಕಿಯ ಕೆಲಸ ಬಹುಮಟ್ಟಿಗೆ ಚಿಂತೆ ಮಾಡುವುದು. ಅದಕ್ಕೆ ನನಗೆ ತರಬೇತಿ ಬೇಕಿರಲಿಲ್ಲ. ಕರೆಂಟು ಹೋದರೆ ಏನು ಗತಿ, ಮದ್ದಲೆ ಬಾರಿಸುವವನು ಮದುವೆಗೆ ಬಾರಿಸಲು ಹೋಗಿಬಿಟ್ಟರೆ ಏನು ಗತಿ, ಕಲಿಯುವವರು ಬರದಿದ್ದರೆ ಏನು, ಬಂದರೆ ನೀರು ಸಾಲುತ್ತದೆಯೋ ಇಲ್ಲವೋ. ನನ್ನ ಗಂಡ ಇದನ್ನೆಲ್ಲ ಕೇಳಿ ಕೇಳಿ, ನೀನು ಚಿಂತೆ ಮಾಡದ ದಿನವೇ ಏನಾದರೂ ಆಗುತ್ತದೆ, ಆದ್ದರಿಂದ ಮಾಡುತ್ತಾ ಇರು ಅನ್ನುತ್ತಾರೆ.

ಆ ವರ್ಷ ಕಲಿಯಲು ಬಂದವರಲ್ಲಿ ಸುರಪುರದ ಒಬ್ಬ ಹೊಲಿಗೆಯವಳಿದ್ದಳು. ನಲವತ್ತರ ಆಸುಪಾಸು. ಅಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಅವಳದೊಂದು ಸಣ್ಣ ಅಂಗಡಿ. ಮದುವೆ ಹಂಗಾಮಿನಲ್ಲಿ ಹೊಲಿಯಬೇಕಾದ ಬ್ಲೌಸುಗಳ ರಾಶಿಯನ್ನು ಹಾಗೇ ಬಿಟ್ಟು, ಗಿರಾಕಿಗಳ ಬೈಗುಳ ತಿಂದು, ದಿನಾ ಸಂಜೆ ಐದರ ತಾಲೀಮಿಗೆ ಬರುತ್ತಿದ್ದಳು. ಆಟ ಕಲಿಸುವ ಮಾಸ್ತರು ಅವಳಿಗೆ ರಾಣಿಯ ಪಾರ್ಟು ಕೊಟ್ಟಿದ್ದರು. ಆ ಪಾರ್ಟಿಗಾಗಿಯೇ ಅವಳು ಬಂದಿದ್ದು. ಅವಳ ತಂದೆ ಕೊಡೇಕಲ್ ಕಡೆಯ ಹಳ್ಳಿಯವರು, ಹರೆಯದಲ್ಲಿ ರಾಣಿ ಪಾರ್ಟಿಗೆ ಸುತ್ತಲಿನ ಊರುಗಳಿಗೆಲ್ಲ ಹೆಸರಾಗಿದ್ದವರು. ಮಗಳು ಆಟ ಕಲಿಯುತ್ತಿದ್ದಾಳೆಂದು ಗೊತ್ತಾದಾಗ ಅದೇ ಮನುಷ್ಯ, ಹೆಂಗಸರು ಕುಣಿಯುವ ಆಟ ಅಲ್ಲ ಅದು ಎಂದು ಸಿಟ್ಟಾಗಿ ಕೂತರಂತೆ.

"ಮೂವತ್ತು ವರ್ಷ ಸೀರಿ ಉಟ್ಟು ಕುಣಿದಾನ್ರಿ ಅಕ್ಕೋರ. ಈಗ ನಾ ಸೀರಿ ಉಟ್ಟು ಕುಣಿದ್ರ ತಪ್ಪಂತ" ಎಂದು ಒಂದು ದಿನ ಗೆಜ್ಜೆ ಬಿಚ್ಚುತ್ತಾ ಹೇಳಿದಳು.

ಶಿಬಿರ ಮುಗಿಯಲು ಒಂದು ವಾರ ಇದ್ದಾಗ ಅವಳು ಓಡುತ್ತಾ ಬಂದು ಅಪ್ಪ ಒಪ್ಪಿಕೊಂಡ ಸುದ್ದಿ ತಂದಳು. ಸಮಾರೋಪದ ದಿನದ ಆಟಕ್ಕೆ ಒಮ್ಮೆ ಬಂದು ನೋಡುತ್ತಾರಂತೆ. ನೋಡಿ, ಇದು ಆಟವೋ ಅಲ್ಲವೋ ಹೇಳುತ್ತಾರಂತೆ. ಆದರೆ ಎಂಟೂಕಾಲಿನ ಕೊಡೇಕಲ್ ಬಸ್ಸಿಗೆ ವಾಪಸು ಹೋಗಲೇಬೇಕು, ಮನೆಯಲ್ಲಿರುವ ಎಮ್ಮೆ ಬೇರೆಯವರ ಕೈಗೆ ಹಾಲು ಕೊಡುವುದಿಲ್ಲ. ಅಷ್ಟರೊಳಗೆ ತನ್ನ ಪಾರ್ಟು ಮುಗಿಯುತ್ತದೆಯೇ ಎಂದು ಕೇಳಿದಳು. ನಾನು ಗಣಿತದವಳು, ಕೂತು ಲೆಕ್ಕ ಹಾಕಿದೆ. ಐದಕ್ಕೆ ಶುರು, ವೇದಿಕೆ ಕಾರ್ಯಕ್ರಮಕ್ಕೆ ಒಂದು ತಾಸು, ಆರಕ್ಕೆ ಆಟ, ಆರೂಮುಕ್ಕಾಲಿಗೆ ರಾಣಿ ಬರುತ್ತಾಳೆ, ಏಳೂಕಾಲಿಗೆ ಒಳಗೆ ಹೋಗುತ್ತಾಳೆ. ಇನ್ನೂ ಒಂದು ತಾಸು ಮಿಗುತ್ತದೆ. ಚಿಂತೆ ಮಾಡಬೇಡ ಅಂದೆ. ನನ್ನ ಬಾಯಿಂದ ಆ ಮಾತು ಬಂದಾಗಲೇ ನಾನು ಎಚ್ಚರಾಗಬೇಕಿತ್ತು.

ಇನ್ನು ಕಾರ್ಡಿನ ವಿಷಯ. ನಮ್ಮ ಕಡೆ ಸಮಾರಂಭ ಮಾಡುವುದು ಸುಲಭ, ಅದರ ಆಮಂತ್ರಣ ಪತ್ರಿಕೆ ಮಾಡುವುದು ಕಷ್ಟ. ಯಾರ ಹೆಸರು ಇರಬೇಕು, ಯಾರದು ಯಾರ ಮೇಲೆ, ಯಾರದರ ಮುಂದೆ 'ಘನ ಉಪಸ್ಥಿತಿ', ಯಾರು ಬರಿಯ 'ಅತಿಥಿಗಳು'. ಹಿಂದಿನ ವರ್ಷ ಒಬ್ಬ ಹಿರಿಯರ ಹೆಸರು ಬಿಟ್ಟುಹೋಗಿತ್ತು. ಅವರು ಸಮಾರಂಭಕ್ಕೆ ಬಂದರು, ಆದರೆ ಒಳಗೆ ಬರಲಿಲ್ಲ. ಗೇಟಿನ ಬಳಿ ನಿಂತು ಬಂದವರಿಗೆಲ್ಲ ತಮ್ಮ ಹೆಸರಿಲ್ಲದ ಕಾರ್ಡು ತೋರಿಸಿದರು. ಆ ದೃಶ್ಯ ನನ್ನ ನಿದ್ದೆಯೊಳಗೂ ಬರುತ್ತಿತ್ತು. ಹೀಗಾಗಿ ಈ ಸಲ ಯಾರನ್ನೂ ಬಿಡಬಾರದೆಂದು ಹಟ ಹಿಡಿದೆ. ಹಾಲಿ, ಮಾಜಿ, ಮುಂದೆ ಆಗಬಹುದಾದವರು, ಆ ಸಂಘ, ಈ ಸಂಘ, ಸುರಪುರದವರನ್ನು ಹಾಕಿದರೆ ವಡಗೇರಾದವರು ಏನಂದಾರು, ಅವರನ್ನು ಹಾಕಿದರೆ ಗುರುಮಠಕಲ್‌ನವರು ಏನಂದಾರು. ಕೊನೆಗೆ ಎಣಿಸಿದರೆ ಮೂವತ್ತೊಂದು ಹೆಸರು.

"ಇದು ಆಮಂತ್ರಣ ಪತ್ರಿಕೀನೋ, ಮತದಾರರ ಪಟ್ಟೀನೋ?" ಎಂದರು ನನ್ನ ಗಂಡ, ಕಾರ್ಡನ್ನು ಕಣ್ಣಿಗೆ ಹತ್ತಿರ ಹಿಡಿದು.

ನನ್ನ ಧೈರ್ಯ ಏನೆಂದರೆ, ಹೆಸರು ಹಾಕಿದವರಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ ಬರುತ್ತಾರೆ. ಉಳಿದವರಿಗೆ ಕರೆದರೆ ಸಾಕು, ಬರುವುದು ಬೇಕಿಲ್ಲ. ಹತ್ತು ಮಂದಿ, ತಲೆಗೆ ಐದು ನಿಮಿಷ. ನನ್ನ ಒಂದು ತಾಸಿನ ಲೆಕ್ಕ ಹುಟ್ಟಿದ್ದು ಅಲ್ಲಿಂದಲೇ. ಕಾರ್ಡಿನಲ್ಲಿ ಜಾಗ ಉಳಿಯದ್ದರಿಂದ ಕಲಾವಿದರ ಹೆಸರುಗಳನ್ನೆಲ್ಲ ತೆಗೆದು, ಎಲ್ಲಕ್ಕಿಂತ ಕೆಳಗೆ 'ಶಿಬಿರಾರ್ಥಿಗಳಿಂದ ದೊಡ್ಡಾಟ' ಎಂದು ಒಂದು ಸಾಲು ಹಾಕಿಸಿದೆ. ಹೊಲಿಗೆಯವಳು ಅದನ್ನು ಒಯ್ದು ಅಪ್ಪನಿಗೆ ಕೊಟ್ಟಳಂತೆ. ಅವರು ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ತುದಿಯವರೆಗೆ ಹುಡುಕಿ, ನಿನ್ನ ಹೆಸರು ಎಲ್ಲಿದೆ ಎಂದು ಕೇಳಿದರಂತೆ. ಇದನ್ನು ಅವಳು ನನಗೆ ಹೇಳಿದಳು, ದೂರಲಿಲ್ಲ. ದೂರಿದ್ದರೆ ಒಳ್ಳೆಯದಿತ್ತು, ನಾನೂ ಏನಾದರೊಂದು ನೆಪ ಹೇಳಬಹುದಿತ್ತು.

ಆ ದಿನ ಮೂವತ್ತೊಂದರಲ್ಲಿ ಇಪ್ಪತ್ತೆಂಟು ಮಂದಿ ಬಂದರು.

ಯಾದಗಿರಿಯಲ್ಲಿ ಅದೇ ಸಂಜೆ ಇದ್ದ ಇನ್ನೊಂದು ದೊಡ್ಡ ಕಾರ್ಯಕ್ರಮ ಮುಂದಕ್ಕೆ ಹೋಗಿತ್ತು. ಜಿಲ್ಲೆಯ ಇಸ್ತ್ರಿ ಮಾಡಿದ ಬಿಳಿ ಅಂಗಿಗಳೆಲ್ಲ ಖಾಲಿ ಉಳಿದಿದ್ದವು, ನಮ್ಮಲ್ಲಿಗೆ ಬಂದವು. ವೇದಿಕೆಯ ಮೇಲೆ ಕುರ್ಚಿ ಎರಡು ಸಾಲಾಯಿತು, ಹಿಂದಿನ ಸಾಲಿನವರು ಮುಖ ಸಣ್ಣದು ಮಾಡಿಕೊಂಡರು. ನಾನು ತರಿಸಿದ್ದು ಹನ್ನೆರಡು ಶಾಲು. ಹೊದಿಸಿಕೊಂಡವರು ಸೆಕೆಗೆ ತಕ್ಷಣ ತೆಗೆದು ಕುರ್ಚಿಯ ಬೆನ್ನಿಗೆ ಹಾಕುತ್ತಿದ್ದರು. ನಾನು ಹಿಂದಿನಿಂದ ಹೋಗಿ, ಧೂಳು ಝಾಡಿಸುವವಳಂತೆ ಅವನ್ನು ಎತ್ತಿ, ಮಡಚಿ, ಮುಂದಿನ ಹೆಗಲಿಗೆ ಕಳಿಸುತ್ತಿದ್ದೆ. ಇಪ್ಪತ್ತು ವರ್ಷ ಪ್ರಾಮಾಣಿಕತೆಯ ಪಾಠ ಹೇಳಿದವಳು ನಾನು.

ಶುರುವಾದದ್ದೇ ಐದೂಮುಕ್ಕಾಲಿಗೆ. ಎಲ್ಲರೂ 'ಎರಡೇ ಎರಡು ಮಾತು' ಎಂದು ಎದ್ದರು. ಆ ಎರಡು ಮಾತಿನಲ್ಲಿ ಜನಪದ ಕಲೆ ಅಳಿಯುತ್ತಿದೆ, ಅದನ್ನು ಉಳಿಸಬೇಕು, ಇಂದಿನ ಪೀಳಿಗೆಗೆ ಮೊಬೈಲು ಹುಚ್ಚು ಎಂಬುದನ್ನು ಒಬ್ಬರಾದ ಮೇಲೆ ಒಬ್ಬರು ಹೇಳಿದರು. ಅಳಿಯುತ್ತಿರುವ ಕಲೆ ಹಿಂದಿನ ತಗಡಿನ ಕೋಣೆಯಲ್ಲಿ ಬಣ್ಣ ಹಚ್ಚಿಕೊಂಡು ನಿಂತಿತ್ತು. ಕೂತರೆ ಸೀರೆಯ ನಿರಿಗೆ ಹಾಳಾಗುತ್ತದೆಂದು ಹೊಲಿಗೆಯವಳು ನಿಂತೇ ಇದ್ದಳು, ಗೋಡೆಗೂ ಒರಗದೆ. ಅವಳ ಕೈಯಲ್ಲಿ ಬೀಸಣಿಕೆಯಾಗಿದ್ದದ್ದು ನನ್ನ ಆಮಂತ್ರಣ ಪತ್ರಿಕೆ.

ಆರೂಮುಕ್ಕಾಲಿಗೆ ನಾನು ಭಾಷಣಕಾರರೊಬ್ಬರಿಗೆ ಚೀಟಿ ಕಳಿಸಿದೆ. ಬೇರೆ ಯಾರಾದರೂ ಆಗಿದ್ದರೆ 'ಮುಗಿಸಿರಿ' ಎಂದು ಬರೆಯುತ್ತಿದ್ದರು. ನಾನು ಬರೆದದ್ದು ಹೀಗೆ: 'ಮಾನ್ಯರೇ, ತಮ್ಮ ಅಮೂಲ್ಯ ಮಾತುಗಳನ್ನು ಇನ್ನಷ್ಟು ಕೇಳುವ ಆಸೆ ನಮಗೆಲ್ಲ ಇದೆ. ಆದರೂ ಸಮಯದ ಅಭಾವದಿಂದ...' ಅವರು ಕನ್ನಡಕ ಏರಿಸಿ, ಮೊದಲ ಸಾಲನ್ನು ಮೈಕಿನಲ್ಲಿ ಓದಿ, ಚೀಟಿಯನ್ನು ಜೇಬಿಗೆ ಇಟ್ಟುಕೊಂಡು, ಸಂಘಟಕರ ಪ್ರೀತಿಗೆ ಕಟ್ಟುಬಿದ್ದು ಇನ್ನೂ ಹದಿನೈದು ನಿಮಿಷ ಮಾತಾಡಿದರು.

ಏಳಾಯಿತು. ಒಳಗೆ ಹೋದರೆ ಅವಳ ಹಣೆಯ ಬಣ್ಣ ಹುಬ್ಬಿನ ಮೇಲೆ ಇಳಿಯುತ್ತಿತ್ತು.

"ಇನ್ನ ಎಷ್ಟ ಮಂದಿ ಅದಾರ್ರಿ?"

ಎಣಿಸಿ ಹನ್ನೆರಡು ಅಂದೆ.

"ನಮ್ಮಪ್ಪ ಕುಂತಾನೇನ್ರಿ, ಎದ್ದು ಹೋಗ್ಯಾನ?"

ಕೂತಿದ್ದರು. ಸಭಿಕರ ಮೂರನೇ ಸಾಲಿನ ಕೊನೆಯ ಕುರ್ಚಿ, ಹೆಗಲ ಮೇಲೆ ಟವೆಲು, ಎರಡೂ ಕೈ ಮೊಣಕಾಲ ಮೇಲೆ. ಯಾವ ಭಾಷಣಕ್ಕೂ ಚಪ್ಪಾಳೆ ತಟ್ಟಲಿಲ್ಲ. ಆಗಾಗ ತಿರುಗಿ ಗೋಡೆ ಗಡಿಯಾರ ನೋಡುತ್ತಿದ್ದರು. ಅವರು ನೋಡಿದಾಗಲೆಲ್ಲ ನಾನೂ ನೋಡುತ್ತಿದ್ದೆ. ವೇದಿಕೆಗೆ ಹೋಗಿ ಮೈಕು ಹಿಡಿದು, ಉಳಿದವರು ದಯವಿಟ್ಟು ಆಟ ಮುಗಿದ ಮೇಲೆ ಮಾತಾಡಲಿ ಅನ್ನಬೇಕು ಎಂದು ಮೆಟ್ಟಿಲವರೆಗೆ ಎರಡು ಸಲ ಹೋದೆ. ಎರಡೂ ಸಲ ಗೇಟಿನ ಬಳಿ ನಿಂತ ಆ ಹಿರಿಯರ ಮುಖ ಕಣ್ಣಿಗೆ ಬಂದು, ಹೂವಿನ ಬುಟ್ಟಿ ಸರಿಮಾಡಲು ಹೋದವಳಂತೆ ವಾಪಸು ಬಂದೆ.

ಏಳೂ ಇಪ್ಪತ್ತರ ಸುಮಾರಿಗೆ ಮುದುಕರು ಎದ್ದರು. ಹೊರಟರು ಅಂದುಕೊಂಡು ಹಿಂದೆ ಓಡಿದೆ. ಅವರು ಬಾಗಿಲ ಕಡೆ ಹೋಗಲಿಲ್ಲ. ವೇದಿಕೆಯ ಪಕ್ಕದಲ್ಲಿ ಹಿಮ್ಮೇಳದವರು ಆಕಳಿಸುತ್ತಾ ಕೂತಿದ್ದಲ್ಲಿಗೆ ಹೋದರು.

"ಆಟ ಅದನೋ ಇಲ್ಲೋ ಇಲ್ಲಿ?" ಎಂದು ಮದ್ದಲೆಯವನನ್ನು ಕೇಳಿದರು. ಅವನು ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಮುದುಕರು ನೆಲದ ಮೇಲಿದ್ದ ತಾಳ ಎತ್ತಿಕೊಂಡರು.

"ಹಚ್ಚು" ಅಂದರು.

ಆಮೇಲೆ ಗಣಪತಿ ಸ್ತುತಿ ಎತ್ತಿಕೊಂಡರು. ಒಡಕು ದನಿ, ಆದರೆ ಮೈಕಿನ ಹಂಗಿಲ್ಲದ ದನಿ. ಮದ್ದಲೆಯವನ ಕೈ ತನ್ನಷ್ಟಕ್ಕೇ ಬಿತ್ತು, ಹಾರ್ಮೋನಿಯಂ ಪೇಟಿಯವನು ಸೇರಿಕೊಂಡ. ನಮ್ಮ ಕಡೆ ಒಂದು ನೇಮವಿದೆ. ಆಟದ ಸ್ತುತಿ ಶುರುವಾಯಿತೆಂದರೆ ಕೂತವರು ಏಳಬೇಕು, ರಂಗದ ಮೇಲೆ ಚಪ್ಪಲಿ ಇರಬಾರದು, ನಡುವೆ ಯಾರೂ ನಿಲ್ಲಿಸುವಂತಿಲ್ಲ, ಸ್ತುತಿ ಮುಗಿದ ಮೇಲೆ ರಂಗ ಕುಣಿಯುವವರದ್ದು. ಇಷ್ಟು ಹೊತ್ತು ಇದು ನನಗೆ ನೆನಪಾಗಲಿಲ್ಲ ನೋಡಿ. ಭಾಷಣ ಮಾಡುತ್ತಿದ್ದವರು 'ಸಂಸ್ಕೃತಿಯ ಬೇರುಗಳು' ಎಂಬಲ್ಲಿಗೆ ನಿಂತು ಕೈಮುಗಿದರು. ಎರಡೂ ಸಾಲು ಎದ್ದು ನಿಂತವು. ಕೆಲವರು ಕಾಲಲ್ಲೇ ಚಪ್ಪಲಿ ಕಳಚಿ ಹಿಂದಕ್ಕೆ ತಳ್ಳಿದರು.

ಆಗ ನನಗೆ ಎಲ್ಲಿಂದಲೋ ಧೈರ್ಯ ಬಂತು. ಧೈರ್ಯ ಅಂದರೆ, ಕುರ್ಚಿ ಎತ್ತುವಷ್ಟು. ಹಿಂದಿನಿಂದ ಒಂದೊಂದಾಗಿ ಕುರ್ಚಿ ತೆಗೆದು ಪಕ್ಕಕ್ಕೆ ಸಾಗಿಸತೊಡಗಿದೆ. ಒಬ್ಬ ಹಿರಿಯರು ಸ್ತುತಿ ಮುಗಿಯಿತೆಂದು ತಿಳಿದು ಕೂಡಲು ಬಾಗಿದರು, ಅವರ ಕುರ್ಚಿ ಆಗಲೇ ನನ್ನ ಕೈಯಲ್ಲಿತ್ತು. ಪಕ್ಕದವರು ತೋಳು ಹಿಡಿಯದಿದ್ದರೆ ಅಂದಿನ ಆಟ ಬೇರೆಯೇ ಆಗುತ್ತಿತ್ತು. ಅವರಿಗೂ, ಮಾತಾಡದೆ ಉಳಿದ ಇತರರಿಗೂ ಮುಂದಿನ ಒಂದು ವಾರ ಫೋನಿನಲ್ಲಿ ಕ್ಷಮೆ ಕೇಳಿದ್ದೇ ಕೇಳಿದ್ದು. ಚಳಿಗಾಲದ ಸಮಾರಂಭದಲ್ಲಿ ಮೊದಲ ಮಾತು ಅವರದ್ದೇ ಎಂದು ಕಲಾಭವನದ ಸಮಿತಿ ತೀರ್ಮಾನಿಸಿತು. ನಾನು ತಲೆಯಾಡಿಸಿದೆ.

ಮಾಸ್ತರು ಸಮಯ ನೋಡಿ ಮೊದಲಿನ ಪ್ರಸಂಗ ಕೈಬಿಟ್ಟು ನೇರ ರಾಣಿಯನ್ನೇ ಕರೆದರು. ಏಳೂಮುಕ್ಕಾಲಿನೊಳಗೆ ಅವಳು ರಂಗದ ಮೇಲಿದ್ದಳು. ನಾನು ಪಕ್ಕದ ಪರದೆಯ ಮರೆಯಲ್ಲಿ ನಿಂತು ನಿಟ್ಟುಸಿರು ಬಿಟ್ಟೆ, ಬಿಟ್ಟ ಮೇಲೆ ಮೂರನೇ ಸಾಲಿನ ಕೊನೆಯ ಕುರ್ಚಿ ಖಾಲಿ ಇರುವುದು ಕಂಡಿತು.

ಅವರು ಎಲ್ಲಿ ಹೋಗಲು ಸಾಧ್ಯ? ಹಿಮ್ಮೇಳದವರ ಜೊತೆ ರಂಗ ಹತ್ತಿದ್ದರು. ಸ್ತುತಿಗೆ ತಾಳ ಹಿಡಿದವನು ಪ್ರಸಂಗದ ನಡುವೆ ಕೆಳಗೆ ಇಡುವುದಿಲ್ಲ. ದೊಡ್ಡಾಟದಲ್ಲಿ ಹಿಮ್ಮೇಳ ನಿಲ್ಲುವುದು ಕುಣಿಯುವವರ ಬೆನ್ನ ಹಿಂದೆ, ಅವರು ಹಾಡಿದ ಸಾಲನ್ನು ಹಿಂದಿನಿಂದ ಎತ್ತಿ ಹಾಡುತ್ತಾ. ಮಗಳು ಜನರ ಕಡೆ ಮುಖ ಮಾಡಿ ಹಾಡಿದಳು, ಅಪ್ಪ ಎರಡು ಮೊಳ ಹಿಂದೆ ನಿಂತು ಅವಳ ಸಾಲು ಎತ್ತಿಕೊಂಡರು. ಆ ದನಿ ಹಿಂದಿನಿಂದ ಬಂದಾಗ ಅವಳು ಒಂದು ಹೆಜ್ಜೆ ತಪ್ಪಿದಳು. ತಿರುಗಿ ನೋಡುವಂತಿಲ್ಲ, ರಾಣಿ ಹಿಮ್ಮೇಳವನ್ನು ತಿರುಗಿ ನೋಡುವುದಿಲ್ಲ. ಸಾವರಿಸಿಕೊಂಡು ಪಾರ್ಟು ಮುಗಿಸಿದಳು. ಚೆನ್ನಾಗಿ ಮಾಡಿದಳು. ಇದನ್ನು ನಾನು ಹೇಳಿದರೆ ಬೆಲೆ ಏನು, ನನಗೆ ಆಟದ ಗಂಧವಿಲ್ಲ.

ಅವಳು ಕೈಮುಗಿಯುತ್ತಿದ್ದಾಗಲೇ ಮುದುಕರು ತಾಳವನ್ನು ಪಕ್ಕದವನ ಕೈಗಿಟ್ಟು ಮೆಟ್ಟಿಲಿಳಿದರು. ನಾನು ಕೈಗೆ ಸಿಕ್ಕ ಒಂದು ಶಾಲು ಹಿಡಿದುಕೊಂಡು ರಸ್ತೆಯವರೆಗೆ ಓಡಿದೆ. ಶಾಲು ಒಲ್ಲೆ ಅಂದರು. ಹೋಗಲಿ, ಮಗಳು ಹ್ಯಾಂಗ ಮಾಡಿದಳು ಅಷ್ಟಾದರೂ ಹೇಳಿ ಎಂದು ಕೇಳಿದೆ.

"ನಾ ಎಲ್ಲಿ ನೋಡಿದೆನವ್ವಾ" ಅಂದರು. "ಹಿಂದ ನಿಂತಿದ್ದೆ. ಬೆನ್ನಷ್ಟೇ ಕಂಡಳು."

ಬಸ್ಸು ಬಂತು, ಹತ್ತಿದರು.

ಒಳಗೆ ಬಂದಾಗ ಅವಳು ಕೊಬ್ಬರಿ ಎಣ್ಣೆ ಹಚ್ಚಿ ಮುಖದ ಬಣ್ಣ ತೆಗೆಯುತ್ತಿದ್ದಳು. ಹೊರಗೆ ಆಟದ ಮುಂದಿನ ಭಾಗ ನಡೆದಿತ್ತು. ಛಲೋ ಮಾಡಿದಳು ಅಂದರು ಎಂದು ಸುಳ್ಳು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ನಾಳೆ ಅವಳು ಅಪ್ಪನನ್ನೇ ಕೇಳಿದರೆ ಎಂಬ ಹೆದರಿಕೆಗೆ, ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ.

ಅವಳು ಒರೆಸುವ ಬಟ್ಟೆಯನ್ನು ಮಡಚಿ ಕೆಳಗಿಟ್ಟಳು.

"ನಲವತ್ತು ದಿನ ಕಲ್ತೆ ಅಕ್ಕೋರ. ಬೆನ್ನ ನೋಡಿ ಹೋದ" ಅಂದಳು. ಆಮೇಲೆ, "ನಿಮ್ಮ ಅಷ್ಟ ಮಂದ್ಯಾಗ ನಾಕ ಮಂದಿ ಕಮ್ಮಿ ಆಗಿದ್ರ ನಮ್ಮಪ್ಪ ಕುಂತಲ್ಲೇ ಕುಂತಿರ್ತಿದ್ದ."

ತಪ್ಪಾಯಿತು ಅಂದೆ. ಅವಳು ಬೆನ್ನು ತಿರುಗಿಸಿ, ಭುಜಕೀರ್ತಿಯ ದಾರ ಬಿಚ್ಚಲು ಹೇಳಿದಳು. ಬೆವರಿಗೆ ಗಂಟು ಬಿಗಿದು ಕಲ್ಲಾಗಿತ್ತು. ನಾನು ಉಗುರು ಹಾಕಿ ಎಳೆಯುತ್ತಾ ಅಲ್ಲೇ ನಿಂತೆ. ಕಣ್ಣ ಮುಂದೆ ಅವಳ ಒದ್ದೆಯಾದ ಬ್ಲೌಸು, ಅವಳೇ ಕೂಡಿಸಿದ ಜರಿ ಅಂಚು, ಕತ್ತಿನ ಮೇಲೆ ದಾರ ಕೊರೆದ ಕೆಂಪು ಬರೆ, ಕಿರೀಟದ ಕೆಳಗಿಂದ ಜಾರಿದ ಒಂದಿಷ್ಟು ಕೂದಲು. ಅವಳಪ್ಪ ನೋಡಿದ್ದು ಇಷ್ಟನ್ನೇ.

"ಬಿಚ್ಚಂಗಿಲ್ಲ ಅದು" ಅಂದಳು. "ಕತ್ತರಿ ತರ್ರಿ. ನಾನೇ ಹೊಲ್ದು ಕೊಡ್ತೀನಿ."

ಕತ್ತರಿ ಹುಡುಕಲು ಹೋದೆ.