ಬಾಗಿಲು ಮೇಡಂ

ಆರೋಗ್ಯ ಇಲಾಖೆಯಲ್ಲಿ ಆಕೆಗೆ ಇಟ್ಟ ಹೆಸರು ಬಾಗಿಲು ಮೇಡಂ. ಎದುರಿಗೆ ಕರೆಯುವ ಧೈರ್ಯ ಯಾರಿಗಿತ್ತು, ಎಲ್ಲ ಬೆನ್ನ ಹಿಂದೆಯೇ. ಓದಿದ್ದು ಮನಃಶಾಸ್ತ್ರ. ಜೊತೆಗೆ ಓದಿದವರು ತಂಪು ರೂಮಿನಲ್ಲಿ ಕೂತು ಗಂಟೆಗಿಷ್ಟು ಅಂತ ಫೀಸು ಎಣಿಸುವಾಗ ಈಕೆ ಇಲಾಖೆಯ ಸಂಶೋಧನಾ ವಿಭಾಗ ಸೇರಿ, ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಮನೆ ಮನೆ ಸುತ್ತಿದಳು. ಹೆರಿಗೆಯಾದ ಹೆಂಗಸರ ಮನಸ್ಸು ಹೇಗಿದೆ ಎಂದು ಕೇಳುವುದು ಆಕೆಯ ಕೆಲಸ.

ಅತ್ತೆ ಪಕ್ಕದಲ್ಲಿದ್ದರೆ "ಚೆನ್ನಾಗಿದೀನಿ." ಗಂಡ ಹೊಸ್ತಿಲಲ್ಲಿ ನಿಂತಿದ್ದರೂ "ಚೆನ್ನಾಗಿದೀನಿ." ಒಂದು ಮನೆಯಲ್ಲಿ ಗಾಳಿಗೆ ಬಾಗಿಲು ತಾನಾಗಿ ಮುಚ್ಚಿಕೊಂಡಿತು, ಅಷ್ಟೇ. ಅಲ್ಲಿಯವರೆಗೆ ನಗುನಗುತ್ತಿದ್ದ ಹುಡುಗಿ ಮಗುವಿನ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ಬಿಕ್ಕಿದಳು. ಅವತ್ತಿನಿಂದ ಆಕೆಯ ಪ್ರತಿ ವರದಿಯಲ್ಲೂ ಒಂದೇ ಮಾತು: ಕೇಳುವ ನರ್ಸು ಮತ್ತು ಬಾಣಂತಿ ಇಬ್ಬರೇ ಇರಬೇಕು, ಬಾಗಿಲು ಮುಚ್ಚಿರಬೇಕು, ಹೆತ್ತ ತಾಯಿಯೂ ಹೊರಗಿರಬೇಕು.

"ಏನ್ ಮೇಡಂ, ಮನೆಯವ್ರನ್ನೇ ಮನೆಯಿಂದ ಆಚೆ ಹಾಕ್ಬೇಕಾ?" ಎಂದು ಕಾರ್ಯದರ್ಶಿ ನಕ್ಕರು. ಮೇಜಿನ ಸುತ್ತ ಕೂತವರೂ ನಕ್ಕರು. ಸಾಹೇಬರು ನಕ್ಕ ಮೇಲೆ ನಗದೇ ಇರಲಾದೀತೇ? ಕೊನೆಗೆ ಆ ಸಾಲಿನ ಮುಂದೆ "ಸಾಧ್ಯವಾದಲ್ಲಿ" ಎಂಬ ಒಂದು ಪದ ಸೇರಿಸಿ ಕೈ ತೊಳೆದುಕೊಂಡರು. ಸರ್ಕಾರಿ ಕಾಗದದಲ್ಲಿ ಆ ಪದ ಬಿತ್ತೆಂದರೆ ಮುಗಿಯಿತು, ಯಾವುದೂ ಸಾಧ್ಯವಾಗುವುದಿಲ್ಲ. ಅದನ್ನು ಕಿತ್ತು ಹಾಕಿಸಲು ಆಕೆ ತನ್ನ ಅರ್ಧ ಆಯಸ್ಸು ಸವೆಸಿದಳು. ಕಾರ್ಯದರ್ಶಿಗಳು ಬಂದರು, ಹೋದರು. ಆಕೆಯ ತಲೆ ನರೆಯಿತು. ಅಮ್ಮನ ಊಟದ ತಟ್ಟೆಗೆ ಮುಚ್ಚಳ ಮುಚ್ಚಿಟ್ಟು ಕಾದೂ ಕಾದೂ ಒಬ್ಬಳೇ ಮಗಳು ದೊಡ್ಡವಳಾದಳು, ಮದುವೆಯಾದಳು.

ಆ ಮಗಳೇ ಹೆರಿಗೆಯಾಗಿ ಕೂಸಿನೊಂದಿಗೆ ಅಮ್ಮನ ಮನೆಗೆ ಬಂದಿದ್ದಾಗ ಆದೇಶ ಹೊರಬಿತ್ತು. "ಸಾಧ್ಯವಾದಲ್ಲಿ" ಹೋಗಿತ್ತು! ಫೋನಿನ ಮೇಲೆ ಫೋನು. ಮಗಳು ಅಡುಗೆಮನೆ ಬಾಗಿಲಿಗೆ ಬಂದು ನಿಂತಳು.

"ಅಮ್ಮಾ, ನಿನ್ ಹತ್ರ ಸ್ವಲ್ಪ ಮಾತಾಡ್ಬೇಕಿತ್ತು."

"ಒಂದ್ನಿಮಿಷ ಇರೇ ಚಿನ್ನ, ಡೈರೆಕ್ಟರ್ ಲೈನಲ್ಲಿದಾರೆ."

ಆ ಒಂದು ನಿಮಿಷ ಮುಗಿಯಲೇ ಇಲ್ಲ. ಮಗಳೂ ಮತ್ತೆ ಕೇಳಲಿಲ್ಲ.

ಆ ವಾರವೇ ನರ್ಸು ಮನೆಗೆ ಬಂದಳು. ಬಾಗಿಲು ಮೇಡಂ ಕೈಯಲ್ಲೇ ತರಬೇತಿ ಪಡೆದವಳು. ಕೂಸಿನ ತೂಕ ನೋಡಿದಳು, ಮಗಳ ಬಿಪಿ ನೋಡಿದಳು, ಆಮೇಲೆ ಮುಜುಗರದಿಂದ ಪೆನ್ನು ತಿರುಗಿಸುತ್ತಾ ನಿಂತಳು.

"ಮೇಡಂ, ನೀವು ಒಂದ್ಸ್ವಲ್ಪ ಹೊರಗೆ..."

ಆಕೆಗೆ ನಗು ಬಂತು. "ಅಯ್ಯೋ ಹುಚ್ಚಿ, ಆ ರೂಲ್ಸು ಬರೆದವಳೇ ನಾನು. ನನ್ ಮಗಳು ನನ್ ಹತ್ರ ಏನು ಮುಚ್ಚಿಡ್ತಾಳೆ? ಕೇಳು ಕೇಳು."

ನರ್ಸೂ ನಕ್ಕಳು. ಕೇಳಿದಳು. ಮಗಳು ಒಮ್ಮೆ ಅಮ್ಮನ ಮುಖ ನೋಡಿದಳು.

"ಚೆನ್ನಾಗಿದೀನಿ," ಎಂದಳು.

ಆ ದನಿಯನ್ನು ಆಕೆ ಸಾವಿರ ಮನೆಗಳಲ್ಲಿ ಕೇಳಿದ್ದಳು. ಅದರ ಮೇಲೆ ಪುಸ್ತಕ ಬರೆದಿದ್ದಳು, ಪರದೇಶದಲ್ಲಿ ಭಾಷಣ ಬಿಗಿದಿದ್ದಳು. ತನ್ನ ಮನೆಯ ಮಂಚದ ಮೇಲೆ ಕೇಳಿದಾಗ ಮಾತ್ರ ಏನೂ ಅನಿಸಲಿಲ್ಲ. ನರ್ಸಿಗೆ ಟೀ ಮಾಡಲು ಎದ್ದು ಹೋದಳು. ಥೂ, ಏನು ಓದಿ ಏನು ಬಂತು!

ಮುಂದೊಂದು ಬೆಳಿಗ್ಗೆ ಕೂಸು ಒಂದೇ ಸಮನೆ ಅಳುತ್ತಿತ್ತು, ಮಗಳು ಮನೆಯಲ್ಲಿರಲಿಲ್ಲ. ಸಿಕ್ಕಿದ್ದು ಬಸ್ ನಿಲ್ದಾಣದ ಬೆಂಚಿನ ಮೇಲೆ. ಕಾಲಲ್ಲಿ ಚಪ್ಪಲಿಯಿಲ್ಲ, ಎದೆಯ ಬಟ್ಟೆ ಹಾಲಿನಿಂದ ತೊಯ್ದಿತ್ತು. ಎಲ್ಲಿಗೆ ಹೊರಟಿದ್ದೆ ಎಂದು ಕೇಳಿದರೆ ಜಪ್ಪಯ್ಯ ಅಂದರೂ ಬಾಯಿ ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಮನೋವೈದ್ಯೆ ಕುರ್ಚಿ ಎಳೆದುಕೊಂಡು ಕೂತಳು. ಅಮ್ಮನೂ ಮಗಳ ಕೈ ಹಿಡಿದು ಕೂತು ತಾನೇ ಶುರು ಮಾಡಿದಳು: "ನೋಡಿ ಡಾಕ್ಟ್ರೇ, ಇವಳಿಗೆ ನಿದ್ದೆ ಕಮ್ಮಿ, ಹಾಗಾಗಿ..."

ಮಗಳು ಕೈ ಬಿಡಿಸಿಕೊಂಡಳು. ವೈದ್ಯೆಯನ್ನು ನೋಡಿ ಹೇಳಿದಳು: "ಅಮ್ಮ ಹೊರಗೆ ಹೋಗ್ಲಿ. ಆಮೇಲೆ ಹೇಳ್ತೀನಿ."

ಆಕೆ ಎದ್ದಳು. ಹಿಂದೆ ಬಾಗಿಲು ಮುಚ್ಚಿತು.

ಹೊರಗೆ ಸ್ಟೂಲಿನ ಮೇಲಿದ್ದ ಆಯಾ ಸರಿದು ಬೆಂಚು ತೋರಿಸಿದಳು. "ಕೂತ್ಕೊಳಮ್ಮಾ, ಬೇಜಾರು ಮಾಡ್ಕೋಬೇಡ. ಹೆತ್ತ ತಾಯೀನೂ ಒಳಗಿರೋ ಹಾಗಿಲ್ವಂತೆ, ಹೊಸ ರೂಲ್ಸು. ಯಾವ ಪುಣ್ಯಾತ್ಗಿತ್ತಿ ಮಾಡಿಟ್ಲೋ! ಮಕ್ಕಳ ಸಂಕಟ ಅಮ್ಮನಿಗಿಂತ ಇನ್ಯಾರಿಗೆ ಗೊತ್ತಾಗುತ್ತೆ, ಹೇಳು?"

ಆಕೆ ಬೆಂಚಿನ ತುದಿಯಲ್ಲಿ ಕೂತಳು. ಒಳಗಿನ ಮಾತು ಒಂದೂ ಕೇಳಿಸುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅಳು ಕೇಳಿಸಿತು. ಅದು ತನ್ನ ಮಗಳ ಅಳು ಎಂದು ಗುರುತು ಹಿಡಿಯಲು ಆಕೆಗೆ ತುಸು ಹೊತ್ತೇ ಬೇಕಾಯಿತು.